ಗುರಾಣಿಗೂ ಎರಡು ಕೈಯ ಆಯುಧಕ್ಕೂ ನಡುವೆ ಸಮತೋಲನ ತರುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ಐದು ಮಂದಿ ಗೆಳೆಯರು ಬಿಡುವಿನ ವೇಳೆಯಲ್ಲಿ ಮಧ್ಯಯುಗದ ಯುರೋಪಿನ ಕಾಳಗವನ್ನು ಆಧರಿಸಿದ ಒಂದು ಸಣ್ಣ ಮಲ್ಟಿಪ್ಲೇಯರ್ ಕಂಪ್ಯೂಟರ್ ಆಟವನ್ನು ಕಟ್ಟುತ್ತಿದ್ದೇವೆ. ನಾವೆಲ್ಲರೂ 2010ರಲ್ಲಿ ಬಂದ ‘ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್’ ಆಟವನ್ನು ವರ್ಷಗಟ್ಟಲೆ ಆಡಿದವರಾದ್ದರಿಂದ ನಮ್ಮ ಆಟದ ಮೂಲ ನಿಯಮವೂ ಅದರ ಜಾಡಿನಲ್ಲೇ ಇದೆ. ಹೊಡೆತಕ್ಕೆ ನಾಲ್ಕು ದಿಕ್ಕುಗಳಿವೆ: ಮೇಲಿನಿಂದ, ಎಡದಿಂದ, ಬಲದಿಂದ ಮತ್ತು ನೇರ ತಿವಿತ. ಕತ್ತಿಯಿಂದಲೇ ತಡೆಯುವವರು ಬರುತ್ತಿರುವ ಹೊಡೆತದ ದಿಕ್ಕನ್ನು ಗುರುತಿಸಿ ಅದೇ ದಿಕ್ಕಿಗೆ ತಡೆ ಒಡ್ಡಬೇಕು. ಗುರಾಣಿ ಹಿಡಿದವರಿಗೆ ಆ ಕಷ್ಟವಿಲ್ಲ. ಮೌಸಿನ ಬಲಗುಂಡಿಯನ್ನು ಒತ್ತಿ ಹಿಡಿದರೆ ಎದುರಿನಿಂದ ಬರುವ ಎಲ್ಲ ಹೊಡೆತಗಳೂ ನಿಲ್ಲುತ್ತವೆ. ಇದಕ್ಕೆ ಪ್ರತಿಯಾಗಿ ಎರಡು ಕೈಯ ಆಯುಧಗಳಿಗೆ ಉದ್ದವನ್ನೂ ಹೆಚ್ಚಿನ ಪೆಟ್ಟನ್ನೂ ಕೊಟ್ಟಿದ್ದೇವೆ. ದೊಡ್ಡ ಕತ್ತಿಯ ಹೊಡೆತ ಎತ್ತಿದಲ್ಲಿಂದ ತಾಗುವವರೆಗೆ 600 ಮಿಲಿಸೆಕೆಂಡ್ ಹಿಡಿಯುತ್ತದೆ, ಒಂದು ಕೈಯ ಕತ್ತಿಯದು 450.

ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತಿತ್ತು. ಆಡಿಸಿ ನೋಡಿದಾಗ ಆದದ್ದು ಬೇರೆ. ಹೊಸಬರು ಹೊಸಬರ ಎದುರು ಆಡಿದಾಗ ಗುರಾಣಿಯವರೇ ಗೆಲ್ಲುತ್ತಾರೆ. ದೊಡ್ಡ ಕತ್ತಿಯವರು ಬೀಸಿ ಬೀಸಿ ಸೋತು, ಎರಡನೆಯ ದಿನ ತಾವೂ ಗುರಾಣಿಯನ್ನೇ ಆರಿಸಿಕೊಳ್ಳುತ್ತಾರೆ. ನಮ್ಮ ತಂಡದವರು ಪರಸ್ಪರ ಆಡಿದರೆ ಇದು ಪೂರ್ತಿ ತಿರುಗಿಬೀಳುತ್ತದೆ: ನುರಿತವರ ಕೈಯಲ್ಲಿರುವ ದೊಡ್ಡ ಕತ್ತಿಯ ಮುಂದೆ ಗುರಾಣಿಯವರು ಹತ್ತಿರ ಸುಳಿಯಲೂ ಆಗುವುದಿಲ್ಲ. ಗುರಾಣಿ ತಾಳಿಕೊಳ್ಳುವ ಪೆಟ್ಟನ್ನು ತಗ್ಗಿಸಿದೆವು. ಹೊಸಬರ ಗುರಾಣಿಗಳು ಬೇಗ ಒಡೆದವು, ನುರಿತವರ ಆಟದಲ್ಲಿ ಏನೂ ಬದಲಾಗಲಿಲ್ಲ. ಒಂದು ಕೈಯ ಕತ್ತಿಯ ವೇಗವನ್ನು ಹೆಚ್ಚಿಸಿದೆವು. ಆಗ ಹೊಸಬರ ನಡುವೆ ಗುರಾಣಿಯವರನ್ನು ಸೋಲಿಸುವವರೇ ಇಲ್ಲವಾದರು. ಒಂದು ಗುಂಪಿಗೆ ಸರಿಪಡಿಸಿದ್ದು ಇನ್ನೊಂದು ಗುಂಪಿಗೆ ಕೆಡುತ್ತಿದೆ.

ನನ್ನ ಪ್ರಶ್ನೆ ಇಷ್ಟೇ. ಇದು ಅಂಕಿಗಳನ್ನು ಇನ್ನೂ ನಯವಾಗಿ ತಿದ್ದಿದರೆ ಸರಿಹೋಗುವ ದೋಷವೋ, ಅಥವಾ ನಿಯಮದಲ್ಲಿಯೇ ಏನೋ ಕೊರತೆಯಿದೆಯೋ? ಈ ಬಗೆಯ ಆಟಗಳನ್ನು ಬಹುಕಾಲ ಆಡಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಳೆಗುರಾಣಿ

ತುಂಗಾತೀರ ಅವರೇ, ಅಂಕಿಗಳನ್ನು ಸದ್ಯಕ್ಕೆ ಮುಟ್ಟಬೇಡಿ. ನೀವು ವಿವರಿಸಿದ್ದು ವಾರ್‌ಬ್ಯಾಂಡ್ ಸರ್ವರ್‌ಗಳಲ್ಲಿ ನಾನು ವರ್ಷಗಳ ಕಾಲ ಕಂಡದ್ದೇ, ಮತ್ತು ಅದರ ಕಾರಣ ಗುರಾಣಿ ಎಷ್ಟು ಗಟ್ಟಿ ಎಂಬುದರಲ್ಲಿ ಇಲ್ಲ.

ಎರಡು ಕೈಯ ಕತ್ತಿ ಹಿಡಿದ ಇಬ್ಬರು ನುರಿತ ಆಟಗಾರರು ಎದುರಾದಾಗ ಅಲ್ಲಿ ನಡೆಯುವುದು ಬಹುಪಾಲು ಹುಸಿ ಹೊಡೆತಗಳ ಆಟ. ಎಡದಿಂದ ಎತ್ತಿದಂತೆ ಮಾಡಿ, ಎದುರಾಳಿಯ ತಡೆ ಎಡಕ್ಕೆ ಹೋದ ಕ್ಷಣದಲ್ಲಿ ಅದನ್ನು ರದ್ದುಮಾಡಿ ಮೇಲಿನಿಂದ ಇಳಿಸುವುದು. ಬಂದ ಹೊಡೆತದ ದಿಕ್ಕಿನಲ್ಲೇ ತಕ್ಕ ಸಮಯಕ್ಕೆ ಎದುರು ಹೊಡೆತವನ್ನಿಟ್ಟು ಅದನ್ನು ತಳ್ಳಿಹಾಕುವುದು, ಅಂದರೆ ಚೇಂಬರ್ ಮಾಡುವುದು. ಈ ಎಲ್ಲ ಕೌಶಲವೂ ನಿಂತಿರುವುದು ‘ಯಾವ ದಿಕ್ಕು?’ ಎಂಬ ಒಂದೇ ಪ್ರಶ್ನೆಯ ಮೇಲೆ. ಗುರಾಣಿ ಹಿಡಿದವರಿಗೆ ಆ ಪ್ರಶ್ನೆಯೇ ಇಲ್ಲವಾದ್ದರಿಂದ ಅವರ ಎದುರು ಹುಸಿ ಹೊಡೆತಕ್ಕೆ ಅರ್ಥವಿಲ್ಲ. ಆದ್ದರಿಂದ ಗುರಾಣಿಯವರ ಮುಂದೆ ದೊಡ್ಡ ಕತ್ತಿಯ ಹೊಸ ಆಟಗಾರರು ತಾವು ಆಗಷ್ಟೇ ಕಲಿತದ್ದೆಲ್ಲ ಕೆಲಸಕ್ಕೆ ಬಾರದೆ ನಿಲ್ಲುತ್ತಾರೆ. ಅವರ ಸಿಟ್ಟು ಸೋತದ್ದಕ್ಕಲ್ಲ, ಮಾಡಲು ಏನೂ ಉಳಿಯದ್ದಕ್ಕೆ. ನುರಿತವರು ಮಾತ್ರ ಬೇರೆ ದಾರಿ ಹಿಡಿಯುತ್ತಾರೆ. ಗುರಾಣಿಯವರು ಎಂದಾದರೂ ಹೊಡೆಯಲೇಬೇಕು, ಹೊಡೆಯಲು ಗುರಾಣಿಯನ್ನು ಇಳಿಸಲೇಬೇಕು, ಅವರ ಕತ್ತಿ ಗಿಡ್ಡ. ಆ ಗಿಡ್ಡ ಕತ್ತಿಯ ಅಳತೆಯ ಹೊರಗೆ ಒಂದು ಹೆಜ್ಜೆ ದೂರದಲ್ಲಿ ಕಾದುನಿಂತರೆ ಕೆಲಸ ಮುಗಿಯಿತು. ನಿಮ್ಮ ಎರಡು ಗುಂಪುಗಳ ಫಲಿತಾಂಶ ತಿರುಗಿಬೀಳಲು ಇದೇ ಕಾರಣ. ಹೊಸಬರ ಆಟದಲ್ಲಿ ಗುರಾಣಿಗೆ ಉತ್ತರವಿಲ್ಲ, ನುರಿತವರ ಆಟದಲ್ಲಿ ದೂರಕ್ಕೆ ಉತ್ತರವಿಲ್ಲ.

ವಾರ್‌ಬ್ಯಾಂಡ್ ಮಾಡಿದ ತುರ್ಕಿಯ ಟೇಲ್‌ವರ್ಲ್ಡ್ಸ್ ತಂಡಕ್ಕೆ ಇದು ತಿಳಿದಿತ್ತು ಎಂದೇ ನನ್ನ ಭಾವನೆ. ಗುರಾಣಿಗಳು ಪೆಟ್ಟು ತಿಂದು ಒಡೆಯುವಂತೆ ಮಾಡಿ, ಕೊಡಲಿಗಳಿಗೆ ಗುರಾಣಿಯನ್ನು ಬೇಗ ಒಡೆಯುವ ವಿಶೇಷ ಬಲ ಕೊಟ್ಟರು. ಆ ಆಟದ ನಾರ್ಡ್ ಎಂಬ ಪಡೆಯ ದೊಡ್ಡ ಕೊಡಲಿಯವರನ್ನು ಕಂಡರೆ ಗುರಾಣಿಯವರು ಹಿಂದೆ ಸರಿಯುತ್ತಿದ್ದುದು ಅದಕ್ಕಾಗಿಯೇ. ತಡೆಯನ್ನೇ ಜಜ್ಜಿಕೊಂಡು ಇಳಿಯುವ ಭಾರಿ ಸುತ್ತಿಗೆಗಳನ್ನೂ ಕೊಟ್ಟರು. ಎಲ್ಲಕ್ಕಿಂತ ಮುಖ್ಯವಾಗಿ ಒದೆತವನ್ನು ಕೊಟ್ಟರು: ಗುರಾಣಿ ಎತ್ತಿಕೊಂಡು ಸುಮ್ಮನೆ ನಿಂತವರ ಹತ್ತಿರ ಹೋಗಿ ಒದ್ದರೆ ಅವರು ಕ್ಷಣಕಾಲ ತತ್ತರಿಸುತ್ತಾರೆ, ಆ ಕ್ಷಣದಲ್ಲಿ ಹೊಡೆಯಬಹುದು. ನಿಮ್ಮ ಬರಹದಲ್ಲಿ ಒದೆತದ ಉಲ್ಲೇಖವೇ ಇಲ್ಲದ್ದನ್ನು ಗಮನಿಸಿದೆ.

2012ರ ‘ಶಿವಲ್ರಿ: ಮಿಡೀವಲ್ ವಾರ್‌ಫೇರ್’ ಇದೇ ಸಮಸ್ಯೆಯನ್ನು ಬೇರೊಂದು ಬದಿಯಿಂದ ಎದುರಿಸಿತು. ಅಲ್ಲಿ ಕತ್ತಿಯ ತಡೆ ಹಿಡಿದಿಡುವಂಥದ್ದಲ್ಲ. ಅದು ಕ್ಷಣಮಾತ್ರದ್ದು, ಹೊಡೆತ ತಾಗುವ ಹೊತ್ತಿಗೆ ಸರಿಯಾಗಿ ಒತ್ತಬೇಕು. ಆದ್ದರಿಂದ ಆಕ್ರಮಣಕಾರರು ಮೌಸನ್ನು ಎಳೆದಾಡಿ ತಮ್ಮ ಅಲಗು ಬೇಗವಾಗಿಯೋ ತಡವಾಗಿಯೋ ತಾಗುವಂತೆ ಮಾಡುವ ವಿದ್ಯೆಯನ್ನು ಬೆಳೆಸಿಕೊಂಡರು. ಇಲ್ಲಿಯೂ ಗುರಾಣಿಯನ್ನು ಎತ್ತಿ ಹಿಡಿದವರ ಮುಂದೆ ಆ ವಿದ್ಯೆ ವ್ಯರ್ಥ. ಹಿಡಿದೇ ಇರುವವರಿಗೆ ಬೇಗವೇನು, ತಡವೇನು? ಇಲ್ಲಿಯೂ ಉತ್ತರವಾಗಿ ಬಂದದ್ದು ಒದೆತವೇ.

ಆದರೆ ನನ್ನನ್ನು ಹೆಚ್ಚು ಒಪ್ಪಿಸಿದ್ದು 2019ರ ‘ಮೋರ್ಡ್‌ಹೌ’. ಅಲ್ಲಿ ತಡೆದ ಪ್ರತಿಯೊಂದು ಹೊಡೆತವೂ ಸ್ಟ್ಯಾಮಿನಾವನ್ನು, ಅಂದರೆ ಆಟಗಾರರ ದಮ್ಮಿನ ಅಳತೆಯನ್ನು, ತಿನ್ನುತ್ತದೆ, ಸ್ಟ್ಯಾಮಿನಾ ಬರಿದಾದಾಗ ತಡೆದರೆ ಕೈಯಲ್ಲಿದ್ದುದು ನೆಲಕ್ಕೆ ಬೀಳುತ್ತದೆ, ಎದುರಾಳಿಗೆ ಹೊಡೆತ ತಾಗಿಸಿದರೆ ಕಳೆದುಕೊಂಡದ್ದರಲ್ಲಿ ಒಂದಿಷ್ಟು ಮರಳಿ ಸಿಗುತ್ತದೆ. ಜೊತೆಗೆ ಆಟಗಾರರು ಕವಚವನ್ನೂ ಆಯುಧವನ್ನೂ ಗುರಾಣಿಯನ್ನೂ 16 ಅಂಕಗಳೊಳಗೆ ಕೊಳ್ಳಬೇಕಾದ್ದರಿಂದ, ಗುರಾಣಿಗೆ ಖರ್ಚು ಮಾಡಿದ್ದು ಕವಚದಲ್ಲಿ ಕಡಿಮೆಯಾಗುತ್ತದೆ. ಈ ಏರ್ಪಾಟಿನ ಸೊಗಸು ನನಗೆ ಕಾಣುವುದು ಹೀಗೆ: ಗುರಾಣಿಯ ಗಟ್ಟಿತನ ಕರಗುವುದು ಯಾರ ಗಮನಕ್ಕೂ ಬಾರದ ಲೆಕ್ಕ, ಒಡೆಯುವ ಹೊತ್ತಿಗೆ ಅದು ಇಬ್ಬರಿಗೂ ಆಕಸ್ಮಿಕ. ಸ್ಟ್ಯಾಮಿನಾ ಕರಗುವುದನ್ನು ಗುರಾಣಿಯವರು ನೋಡುತ್ತಲೇ ಇರುತ್ತಾರೆ, ಅದನ್ನು ಮರಳಿ ಪಡೆಯಬೇಕಾದರೆ ತಾವೂ ಹೊಡೆಯಬೇಕೆಂಬುದು ಅವರಿಗೆ ಗೊತ್ತಿರುತ್ತದೆ. ಅಡಗಿ ಕುಳಿತವರನ್ನು ಆಟವೇ ಹೊರಗೆ ಕರೆಯುತ್ತದೆ.

ಆದ್ದರಿಂದ ನನ್ನ ಸಲಹೆ: ಗುರಾಣಿ ಎಲ್ಲ ದಿಕ್ಕನ್ನೂ ತಡೆಯಲಿ, ಅದನ್ನು ಕಿತ್ತುಕೊಳ್ಳಬೇಡಿ. ಎತ್ತಿ ಹಿಡಿದಿದ್ದಾಗ ಬಿದ್ದ ಹೊಡೆತಕ್ಕೆ ಆಯುಧದ ತೂಕಕ್ಕೆ ತಕ್ಕಷ್ಟು ಸ್ಟ್ಯಾಮಿನಾ ಹೋಗಲಿ. ಹೊಡೆತ ತಾಗುವ ತುಸು ಮೊದಲು ಎತ್ತಿದವರಿಗೆ ಅದರ ಅರ್ಧಕ್ಕಿಂತ ಕಡಿಮೆ ಹೋಗಲಿ. ಗುರಾಣಿ ಎತ್ತಿರುವವರೆಗೆ ಸ್ಟ್ಯಾಮಿನಾ ಮರಳಿ ತುಂಬದಿರಲಿ. ಒದೆತವನ್ನು ಸೇರಿಸಿ. ಇಷ್ಟು ಮಾಡಿದ ಮೇಲೆ ಅಂಕಿಗಳ ಕಡೆಗೆ ಹೋಗಿ.

ಘಟ್ಟದಾಚೆ

ಹಳೆಗುರಾಣಿ ಅವರ ವಿಶ್ಲೇಷಣೆಯನ್ನು ಗೌರವದಿಂದ ಓದಿದೆ. ಆದರೆ ‘ತುಸು ಮೊದಲು ಎತ್ತಿದವರಿಗೆ ಲಾಭ’ ಎಂಬ ಸಲಹೆಯ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ. ನಾನು ಇಷ್ಟು ವರ್ಷ ಗುರಾಣಿ ಹಿಡಿದದ್ದು ಸುಲಭವೆಂದಲ್ಲ, ನನ್ನ ಊರಿನಿಂದ ಬೇರೆ ಯಾವುದನ್ನೂ ಹಿಡಿಯಲಾಗುತ್ತಿರಲಿಲ್ಲವೆಂದು.

ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ನೇರ ದೂರ ಸುಮಾರು 7,400 ಕಿಲೋಮೀಟರ್. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸರಿಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಅಂದರೆ ಹೋಗಿ ಬರಲು ಕನಿಷ್ಠ 74 ಮಿಲಿಸೆಕೆಂಡ್ ಬೇಕು, ಮತ್ತು ಯಾವ ಕೇಬಲ್ಲೂ ನೇರವಾಗಿ ಹೋಗುವುದಿಲ್ಲ. ಕರಾವಳಿಯ ನನ್ನ ಮನೆಯಲ್ಲಿ ಯುರೋಪಿನ ಸರ್ವರ್‌ಗಳಿಗೆ ಒಳ್ಳೆಯ ದಿನದ ಪಿಂಗ್, ಅಂದರೆ ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಹೊತ್ತು, ಸುಮಾರು 160 ಮಿಲಿಸೆಕೆಂಡ್. ತುಂಗಾತೀರ ಅವರ ದೊಡ್ಡ ಕತ್ತಿಯ ಹೊಡೆತಕ್ಕೆ 600 ಮಿಲಿಸೆಕೆಂಡ್ ಇದೆ ಎಂದಾದರೆ, ಆ ಹೊಡೆತ ಆರಂಭವಾದದ್ದು ನನ್ನ ಪರದೆಯಲ್ಲಿ ಕಾಣುವುದೇ 80 ತಡವಾಗಿ, ನನ್ನ ಉತ್ತರ ಸರ್ವರನ್ನು ಮುಟ್ಟುವುದು ಇನ್ನೂ 80 ತಡವಾಗಿ. ಉಳಿದದ್ದು 440. ಕಂಡದ್ದಕ್ಕೆ ಬೆರಳು ಅಲುಗಿಸಲು ಮನುಷ್ಯರಿಗೆ ಸಾಮಾನ್ಯವಾಗಿ 250ರ ಆಸುಪಾಸು ಬೇಕು. ನಾಲ್ಕು ದಿಕ್ಕುಗಳಲ್ಲಿ ಒಂದನ್ನು ಗುರುತಿಸಿ ಆರಿಸಬೇಕಾದಾಗ ಅದು ಇನ್ನೂ ಏರುತ್ತದೆ, 350 ಎಂದಿಟ್ಟುಕೊಳ್ಳಿ. ನನಗೆ ಉಳಿಯುವುದು 90. ಸರ್ವರಿನ ಪಕ್ಕದಲ್ಲೇ 20 ಪಿಂಗಿನಲ್ಲಿ ಆಡುವವರಿಗೆ ಉಳಿಯುವುದು 230. ಒಂದು ಹುಸಿ ಹೊಡೆತವನ್ನು ಕಂಡು ತಿದ್ದಿಕೊಳ್ಳಲು ಅವರಿಗೆ ಸಾಧ್ಯ, ನನಗೆ ಸಾಧ್ಯವಿಲ್ಲ.

ಒತ್ತಿ ಹಿಡಿಯುವ ಗುರಾಣಿಯಲ್ಲಿ ಈ ಲೆಕ್ಕವೇ ಬರುವುದಿಲ್ಲ, ಏಕೆಂದರೆ ಹೊಡೆತ ಆರಂಭವಾಗುವ ಮೊದಲೇ ಅದು ಎದುರಿಗಿರುತ್ತದೆ. ದೂರದ ಸರ್ವರಿನಲ್ಲಿ ಆಡುವ ಎಷ್ಟೋ ಮಂದಿಗೆ ಗುರಾಣಿಯೇ ಆಟದೊಳಗೆ ಬರಲು ಇರುವ ಬಾಗಿಲು. ‘ಗುರಾಣಿ ಹಿಡಿದವರಿಗೆ ಕೌಶಲವಿಲ್ಲ’ ಎಂಬ ಮಾತನ್ನು ಡ್ಯುಯೆಲ್ (ಒಬ್ಬರ ಎದುರು ಒಬ್ಬರ ಕಾಳಗ) ಸರ್ವರ್‌ಗಳಲ್ಲಿ ಕೇಳಿ ಕೇಳಿ ನನಗೆ ನೋವಾಗಿದೆ. ಎಷ್ಟು ಹೊತ್ತಿಗೆ ಇಳಿಸಬೇಕು, ಯಾರಿಗೆ ಬೆನ್ನು ಕೊಡಬಾರದು, ಎದುರಾಳಿ ಬೀಸಿ ತಪ್ಪಿದಾಗ ಎಷ್ಟು ಮುಂದಕ್ಕೆ ನುಗ್ಗಬಹುದು ಎಂಬುದೆಲ್ಲ ಕೌಶಲವೇ. ಸಮಯಕ್ಕೆ ಸರಿಯಾಗಿ ಎತ್ತಿದವರಿಗೆ ಲಾಭವೆಂಬ ನಿಯಮ ಬಂದರೆ ಆ ಬಾಗಿಲೂ ಪಿಂಗ್ ಕಡಿಮೆಯಿದ್ದವರ ಪಾಲಾಗುತ್ತದೆ.

ತುಂಗಾತೀರ ಅವರು ಮುಂಬೈಯಲ್ಲಿ ಸರ್ವರ್ ಬಾಡಿಗೆಗೆ ಹಿಡಿದರೆ ನಮ್ಮವರ ಮಟ್ಟಿಗೆ ಈ ತೊಂದರೆ ಬಹಳ ಇಳಿಯುತ್ತದೆ. ಆದರೂ ವಿದೇಶದಲ್ಲಿರುವ ಕನ್ನಡಿಗರು ಸೇರಿಕೊಂಡ ದಿನ ಇದೇ ಲೆಕ್ಕ ಅವರಿಗೆ ಅನ್ವಯವಾಗುತ್ತದೆ.

ಬಿಲ್ಲಾಳು

ಇಲ್ಲಿಯವರೆಗಿನ ಮಾತೆಲ್ಲ ಒಬ್ಬರ ಎದುರು ಒಬ್ಬರು ನಿಂತ ಕಾಳಗದ ಬಗ್ಗೆಯೇ ಇದೆ. ತುಂಗಾತೀರ ಅವರೇ, ನಿಮ್ಮ ಆಟದಲ್ಲಿ ತಂಡಗಳ ಕಾಳಗವೂ ಇದೆಯೇ, ಬಿಲ್ಲುಗಾರರು ಇದ್ದಾರೆಯೇ? ಇದ್ದರೆ ಡ್ಯುಯೆಲ್‌ನ ಫಲಿತಾಂಶವನ್ನು ನೋಡಿ ಗುರಾಣಿಯನ್ನು ತೂಗುವುದು ತಪ್ಪಾಗುತ್ತದೆ.

ಇತಿಹಾಸ ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. 1066ರ ಹೇಸ್ಟಿಂಗ್ಸ್ ಯುದ್ಧವನ್ನು ಚಿತ್ರಿಸುವ ಬೇಯೂ ಕಸೂತಿಯಲ್ಲಿ ಇಂಗ್ಲಿಷ್ ಪಡೆಯ ಗುರಾಣಿಗಳ ಸಾಲಿನ ಜೊತೆಯಲ್ಲೇ ಉದ್ದ ಹಿಡಿಯ ಕೊಡಲಿಯನ್ನು ಎರಡು ಕೈಯಲ್ಲಿ ಎತ್ತಿದ ಯೋಧರು ಕಾಣುತ್ತಾರೆ. ಕೊಡಲಿ ಬೀಸುವವರ ಎರಡು ಕೈಗಳೂ ಕೆಲಸದಲ್ಲಿರುವಾಗ ಬಾಣಕ್ಕೆ ಅಡ್ಡ ನಿಲ್ಲುವವರು ಪಕ್ಕದವರು. ಆಟದಲ್ಲಿಯೂ ಹೀಗೇ ಆಗಬೇಕು. ಬಿಲ್ಲುಗಾರರ ಎದುರು ಬಯಲು ದಾಟಬೇಕಾದ ದೊಡ್ಡ ಕತ್ತಿಯವರಿಗೆ ಗುರಾಣಿಯವರು ಬೇಕಾಗುತ್ತಾರೆ. ಸಾಲನ್ನು ಒಡೆಯಬೇಕಾದಾಗ ಗುರಾಣಿಯವರಿಗೆ ದೊಡ್ಡ ಕತ್ತಿಯವರು ಬೇಕಾಗುತ್ತಾರೆ. ವಾರ್‌ಬ್ಯಾಂಡ್‌ನಲ್ಲಿ ರೋಡಾಕ್ ಪಡೆಯ ಆಳೆತ್ತರದ ಹಲಗೆ ಗುರಾಣಿಗಳ ಹಿಂದೆ ನಡೆದವರಿಗೆ ಇದು ಚೆನ್ನಾಗಿ ಗೊತ್ತು. ಅದೇ ಆಟದಲ್ಲಿ ಬೆನ್ನಿಗೆ ಕಟ್ಟಿದ ಗುರಾಣಿ ಹಿಂದಿನಿಂದ ಬಂದ ಬಾಣವನ್ನು ನಿಲ್ಲಿಸುತ್ತಿತ್ತು. ಈ ಸಣ್ಣ ಸಂಗತಿಯನ್ನು ದಯವಿಟ್ಟು ನೀವೂ ಇಟ್ಟುಕೊಳ್ಳಿ, ಏಕೆಂದರೆ ದೊಡ್ಡ ಕತ್ತಿಯವರೂ ಆಯುಧ ಹೊರಲು ಇರುವ ಜಾಗಗಳಲ್ಲಿ ಒಂದನ್ನು ಖರ್ಚು ಮಾಡಿ ಗುರಾಣಿ ಹೊರುವಂತೆ ಅದು ಮಾಡುತ್ತದೆ.

ಹದಿನೈದನೆಯ ಶತಮಾನದ ಹೊತ್ತಿಗೆ ಮೈತುಂಬ ಉಕ್ಕಿನ ಕವಚ ಬಂದ ಮೇಲೆ ಯುರೋಪಿನ ಕುಲೀನ ಯೋಧರು ನೆಲದ ಕಾಳಗದಲ್ಲಿ ಗುರಾಣಿಯನ್ನು ಬಹುಮಟ್ಟಿಗೆ ಬಿಟ್ಟರು. ಕವಚವೇ ಗುರಾಣಿಯ ಕೆಲಸ ಮಾಡುತ್ತಿತ್ತು, ಎದುರಾಳಿಯ ಕವಚವನ್ನು ಮುರಿಯಲು ಎರಡು ಕೈಯ ಪೋಲ್ಯಾಕ್ಸ್ (ಉದ್ದ ಹಿಡಿಯ ಕಾಳಗದ ಕೊಡಲಿ) ಬೇಕಿತ್ತು. ಅದಕ್ಕೆ ನನ್ನದೊಂದು ಸೂಚನೆ: ಭಾರಿ ಕವಚ, ಗುರಾಣಿ, ಉದ್ದದ ಆಯುಧ, ಈ ಮೂರರಲ್ಲಿ ಎರಡನ್ನು ಮಾತ್ರ ಒಬ್ಬರಿಗೆ ಕೊಡಿ.

ಡ್ಯುಯೆಲ್ ಬಗ್ಗೆಯೂ ಒಂದು ಮಾತು. ಐಸ್‌ಲ್ಯಾಂಡಿನ ಹಳೆಯ ಕಥನವೊಂದರಲ್ಲಿ ವಿವರಿಸಿರುವ ದ್ವಂದ್ವಯುದ್ಧದ ನಿಯಮದಂತೆ ಒಬ್ಬೊಬ್ಬರಿಗೂ ಮೂರು ಗುರಾಣಿಗಳು. ಮೂರೂ ಒಡೆದ ಮೇಲೆ ಆಯುಧದಿಂದಲೇ ಕಾಯ್ದುಕೊಳ್ಳಬೇಕು. ನಾರ್ವೆಯಲ್ಲಿ 1880ರಲ್ಲಿ ಅಗೆದು ತೆಗೆದ ಗೋಕ್‌ಸ್ಟಾಡ್ ಹಡಗಿನ ಎರಡೂ ಬದಿಗೆ ಸೇರಿ 64 ಗುರಾಣಿಗಳು ಸಿಕ್ಕಿದವು. ಅವು ತೆಳುವಾದ ಪೈನ್ ಹಲಗೆಯವು. ಗುರಾಣಿ ಒಡೆಯುವುದು ಆ ಜನರಿಗೆ ಅಚ್ಚರಿಯ ಸಂಗತಿಯಾಗಿರಲಿಲ್ಲ, ಎಣಿಸಿ ಇಟ್ಟುಕೊಂಡ ಸಂಗತಿಯಾಗಿತ್ತು. ಹಳೆಗುರಾಣಿ ಅವರು ಗುರಾಣಿಯ ಗಟ್ಟಿತನವನ್ನು ಯಾರಿಗೂ ಕಾಣದ ಲೆಕ್ಕವೆಂದರು. ಕಾಣುವಂತೆ ಮಾಡಬಹುದಲ್ಲ! ಮೊದಲು ಅಂಚು ಸೀಳಲಿ, ಆಮೇಲೆ ಒಂದು ಹಲಗೆ ಹಾರಲಿ, ಕೊನೆಗೆ ನಡುವಿನ ಕಬ್ಬಿಣದ ಉಬ್ಬು ಭಾಗವಷ್ಟೇ ಉಳಿಯಲಿ. ಎದುರಿನವರಿಗೂ ಇನ್ನೆಷ್ಟು ಹೊಡೆತ ಬೇಕೆಂದು ಕಣ್ಣಿಗೇ ತಿಳಿಯುತ್ತದೆ.

ತುಂಗಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಿಲ್ಲಾಳು ಅವರೇ, ತಂಡಗಳ ಕಾಳಗ ಇದೆ, ಬಿಲ್ಲುಗಾರರೂ ಇದ್ದಾರೆ. ಆದರೆ ಜನ ಸಾಲದೆ ನಾವು ಪರೀಕ್ಷೆಯನ್ನೆಲ್ಲ ಡ್ಯುಯೆಲ್‌ನಲ್ಲೇ ಮಾಡಿದ್ದೇವೆ. ಗುರಾಣಿ ಹಂತಹಂತವಾಗಿ ಒಡೆಯುವುದನ್ನು ತೋರಿಸುವ ಸಲಹೆ ನಮ್ಮ ಚಿತ್ರಕಲಾವಿದೆಗೆ ಬಹಳ ಹಿಡಿಸಿದೆ, ಅವರು ಆಗಲೇ ಕೆಲಸ ಆರಂಭಿಸಿದ್ದಾರೆ.

ಉಳಿದಿರುವ ಗೊಂದಲ ಒಂದೇ. ಒದೆತವನ್ನು ಸೇರಿಸಿದರೆ ಘಟ್ಟದಾಚೆ ಅವರಂಥವರಿಗೆ ಅದೂ ಪಿಂಗಿನ ಸಮಸ್ಯೆಯೇ ಆಗುವುದಿಲ್ಲವೇ? ಒದೆತ ಬರುವುದು ಅವರಿಗೆ ತಡವಾಗಿಯೇ ಕಾಣುತ್ತದೆ.

ಹಳೆಗುರಾಣಿ

ಘಟ್ಟದಾಚೆ ಅವರ ಲೆಕ್ಕ ಸರಿಯಾಗಿದೆ. ನನ್ನ ಸಲಹೆಯ ಆ ಭಾಗವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಮಯಕ್ಕೆ ಎತ್ತಿದವರಿಗೆ ಸಿಗುವ ಲಾಭವನ್ನು ಬಿಟ್ಟುಬಿಡಿ. ಅದರ ಬದಲು, ತಡೆದ ಕೂಡಲೇ ಗುರಾಣಿ ಇಳಿಸಿ ಎದುರು ಹೊಡೆದವರಿಗೆ ಆ ತಡೆಗೆ ಹೋದ ಸ್ಟ್ಯಾಮಿನಾದ ಅರ್ಧ ಮರಳಿ ಸಿಗಲಿ. ಆ ನಿರ್ಧಾರವನ್ನು ಆಟಗಾರರು ಮೊದಲೇ ಮಾಡಿಕೊಂಡಿರಬಹುದು, ಕಣ್ಣು ಮಿಟುಕಿಸುವುದರೊಳಗೆ ಮಾಡಬೇಕಾಗಿಲ್ಲ.

ಒದೆತವನ್ನು ಬಿಡುವುದು ಬೇಡ, ನಿಧಾನವಾಗಿಸಿ. ಕಾಲೆತ್ತಿದಲ್ಲಿಂದ ತಾಗುವವರೆಗೆ 700 ಮಿಲಿಸೆಕೆಂಡ್ ಇಡಿ. 160 ಪಿಂಗಿನವರಿಗೂ 540 ಉಳಿಯುತ್ತದೆ, ಮತ್ತು ಒದೆತಕ್ಕೆ ಕೊಡಬೇಕಾದ ಉತ್ತರ ‘ಹಿಂದೆ ಸರಿ’ ಎಂಬ ಒಂದೇ ಒಂದಾದ್ದರಿಂದ ನಾಲ್ಕರಲ್ಲಿ ಆರಿಸುವ ತಡವೂ ಇರುವುದಿಲ್ಲ. ಒದೆತದ ಅಳತೆ ಒಂದು ಕೈಯ ಕತ್ತಿಯ ಅಳತೆಗಿಂತ ಗಿಡ್ಡವಾಗಿರಲಿ. ಆಗ ದೊಡ್ಡ ಕತ್ತಿಯವರು ಒದೆಯಬೇಕಾದರೆ ತಮ್ಮ ದೂರದ ಲಾಭವನ್ನು ಬಿಟ್ಟು ಗುರಾಣಿಯವರ ಕತ್ತಿಯ ಅಳತೆಯೊಳಗೆ ಬರಬೇಕಾಗುತ್ತದೆ. ತಪ್ಪಿದ ಒದೆತದಿಂದ ಚೇತರಿಸಿಕೊಳ್ಳಲು 450ಕ್ಕಿಂತ ಹೆಚ್ಚು ಹೊತ್ತು ಹಿಡಿಯಲಿ, ಅಂದರೆ ನಿಮ್ಮ ಒಂದು ಕೈಯ ಕತ್ತಿಯ ಒಂದು ಹೊಡೆತ ತಾಗುವಷ್ಟು. ನಿಮ್ಮ ನುರಿತವರ ಆಟದಲ್ಲಿ ಗುರಾಣಿಯವರಿಗೆ ಹತ್ತಿರ ಸುಳಿಯಲು ಆಗುತ್ತಿಲ್ಲ ಎಂದಿರಲ್ಲ, ಆ ಅಂತರವನ್ನು ಎದುರಾಳಿಯೇ ಮುಚ್ಚಿಕೊಡುವುದು ಈ ಒದೆತದಲ್ಲಿ. ಈ ಬಾರಿ ಹೊಸಬರಿಗೆ ಆಡಿಸುವಾಗ ದೊಡ್ಡ ಕತ್ತಿ ಕೊಡುವ ಮೊದಲು ಒದೆಯುವುದನ್ನು ಕಲಿಸಿ, ಆಮೇಲೆ ಎರಡನೆಯ ದಿನ ಅವರು ಏನನ್ನು ಆರಿಸಿಕೊಂಡರೆಂದು ಇಲ್ಲಿ ಬರೆಯಿರಿ.